ಕೇಳಲು ನಾಚುವವರ ಲೈಬ್ರರಿ

ಎಲ್ಲ ಲೈಬ್ರರಿಗಳಲ್ಲೂ ಇಂಥ ಹುಡುಗನೊಬ್ಬ ಇದ್ದೇ ಇರುತ್ತಾನೆ. ಬಾಗಿಲು ದಾಟಿ ಒಳಗೆ ಬರುತ್ತಾನೆ. ಕೌಂಟರಿನ ಕಡೆ ಒಮ್ಮೆ ನೋಡುತ್ತಾನೆ. ಅಲ್ಲಿ ಕುಳಿತವರು ತಲೆಯೆತ್ತಿದರೆ ಸಾಕು, ಪಕ್ಕದ ಮೇಜಿನತ್ತ ಹೊರಳಿ ತನಗೆ ಬೇಕಿಲ್ಲದ ಯಾವುದೋ ಪತ್ರಿಕೆಯ ಪುಟ ತಿರುವತೊಡಗುತ್ತಾನೆ. ಐದು ನಿಮಿಷ ಬಿಟ್ಟು ಕಪಾಟುಗಳ ನಡುವೆ ಒಂದು ಸುತ್ತು. ಮತ್ತೆ ಕೌಂಟರಿನ ಕಡೆಗೊಂದು ಕಳ್ಳನೋಟ. ಕೊನೆಗೆ ಬಂದ ದಾರಿಯಲ್ಲೇ ಹೊರಟುಹೋಗುತ್ತಾನೆ. ಮನೆಯಲ್ಲಿ ಅಮ್ಮ ಕೇಳಿದರೆ ‘ಪುಸ್ತಕ ಇರಲಿಲ್ಲ’ ಎನ್ನುತ್ತಾನೆ. ಪುಸ್ತಕ ಇತ್ತು. ಅವನು ಕೇಳಲಿಲ್ಲ, ಅಷ್ಟೆ.

ಈ ಹುಡುಗ ಧಾರವಾಡದವನಾದರೂ ಒಂದೇ, ಅಮೆರಿಕದ ಓಹಾಯೋದವನಾದರೂ ಒಂದೇ. 1986ರಲ್ಲಿ ಕಾನ್‌ಸ್ಟನ್ಸ್ ಮೆಲನ್ ಎಂಬ ಅಮೆರಿಕದ ಗ್ರಂಥಾಲಯ ವಿಜ್ಞಾನಿ ಒಂದು ಲೇಖನ ಪ್ರಕಟಿಸಿದರು. ಕಾಲೇಜಿನ ಆರಂಭದ ತರಗತಿಗಳ ವಿದ್ಯಾರ್ಥಿಗಳು ಎರಡು ವರ್ಷಗಳ ಅವಧಿಯಲ್ಲಿ ಬರೆದುಕೊಟ್ಟ ಅನುಭವಗಳನ್ನು ಓದಿ ಸಿದ್ಧಪಡಿಸಿದ ಲೇಖನ ಅದು. ನೂರಕ್ಕೆ 75ರಿಂದ 85ರಷ್ಟು ಮಂದಿ, ಲೈಬ್ರರಿಯಲ್ಲಿ ವಿಷಯ ಹುಡುಕಲು ಹೊರಟಾಗಿನ ತಮ್ಮ ಮೊದಲ ಅನುಭವವನ್ನು ಹೆದರಿಕೆಯ ಭಾಷೆಯಲ್ಲೇ ಹೇಳಿಕೊಂಡಿದ್ದರು. ದೊಡ್ಡ ಕಟ್ಟಡ ಅವರನ್ನು ಕಂಗೆಡಿಸಿತ್ತು ನಿಜ. ಆದರೆ ಅದರ ಬುಡದಲ್ಲಿದ್ದದ್ದು ಬೇರೆ. ಉಳಿದವರಿಗೆಲ್ಲ ಇದು ಗೊತ್ತಿದೆ, ತನಗೊಬ್ಬನಿಗೇ ಗೊತ್ತಿಲ್ಲ, ಗೊತ್ತಿಲ್ಲದಿರುವುದು ನಾಚಿಕೆಗೇಡು, ಬಾಯಿಬಿಟ್ಟು ಕೇಳಿದರೆ ಆ ಗುಟ್ಟು ಬಯಲಾಗುತ್ತದೆ. ಮೆಲನ್ ಇದಕ್ಕೆ ‘ಲೈಬ್ರರಿ ಆತಂಕ’ ಎಂದು ಹೆಸರಿಟ್ಟರು. ತರಗತಿಯಲ್ಲಿ ಮೇಷ್ಟರು ‘ಅರ್ಥವಾಯಿತೆ?’ ಎಂದಾಗ ತಲೆಯಾಡಿಸಿದ ಯಾರಿಗೂ ಈ ತರ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಗ್ರಂಥಪಾಲಕರಿಗೆ ಇದು ಬಹಳ ಹಿಂದೆಯೇ ಗೊತ್ತಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಎಂಬ ಊರಿನಲ್ಲಿ ಸ್ಯಾಮ್ಯುಯೆಲ್ ಗ್ರೀನ್ ಎಂಬ ಗ್ರಂಥಪಾಲಕರಿದ್ದರು. ಓದುಗರಿಗೆ ಪುಸ್ತಕ ಎತ್ತಿಕೊಟ್ಟರೆ ಸಾಲದು, ಅವರ ಜೊತೆ ಮಾತಾಡಬೇಕು, ಅವರಿಗೆ ಬೇಕಾದದ್ದೇನೆಂದು ಕಂಡುಕೊಳ್ಳಬೇಕು ಎಂದು ಅವರು ವಾದಿಸಿದ್ದು 1876ರಲ್ಲಿ. ಗಿರಾಕಿ ಬರಿಗೈಯಲ್ಲಿ ಹೋದರೆ ಅಂಗಡಿಯವನಿಗೆ ಎಷ್ಟು ಸಂಕಟವೋ, ಪ್ರಶ್ನೆಗೆ ಉತ್ತರ ಸಿಗದೆ ಓದುಗ ಹೊರಟುಹೋದರೆ ಗ್ರಂಥಪಾಲಕನಿಗೂ ಅಷ್ಟೇ ಸಂಕಟವಾಗಬೇಕು ಎಂಬುದು ಅವರ ನಿಲುವು. ಇಂದು ದೊಡ್ಡ ಲೈಬ್ರರಿಗಳಲ್ಲಿ ಕಾಣುವ ಪರಾಮರ್ಶನ ವಿಭಾಗದ, ಎಂದರೆ ‘ರೆಫರೆನ್ಸ್’ ಎಂಬ ಫಲಕ ತೂಗುವ ಮೇಜಿನ ಮೂಲ ಇಲ್ಲಿದೆ. ಆದರೆ ಮೇಜು ಎಂದರೆ ಮೇಜೇ. ಅದರಾಚೆ ಒಬ್ಬರು ಕುಳಿತಿರುತ್ತಾರೆ, ಈಚೆ ಒಬ್ಬ ನಿಂತಿರುತ್ತಾನೆ. ಹದಿನೈದು ವರ್ಷದವನಿಗೆ ಆ ಮೂರು ಅಡಿ ಮೂರು ಮೈಲಿಯಂತೆ ಕಂಡರೆ ಆಶ್ಚರ್ಯವಿಲ್ಲ.

ಹಾಗಿರುವಾಗ ಮಕ್ಕಳ ಕೈಗೆ ಮೊಬೈಲು ಬಂತು.

ಮೆಸೇಜಿನ ಕಥೆ ಚಿಕ್ಕದಾಗಿ ಹೇಳಿಬಿಡಬಹುದು. 1985ರ ಸುಮಾರಿಗೆ ಜರ್ಮನಿಯ ಬಾನ್ ನಗರದಲ್ಲಿ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ ಎಂಬ ಎಂಜಿನಿಯರು ಟೈಪ್‌ರೈಟರಿನ ಮುಂದೆ ಕುಳಿತು ಮನಸ್ಸಿಗೆ ಬಂದ ಪ್ರಶ್ನೆಗಳನ್ನೂ ವಾಕ್ಯಗಳನ್ನೂ ಟೈಪು ಮಾಡಿ ಅಕ್ಷರ ಎಣಿಸಿದರು. ಬಹುತೇಕ ಎಲ್ಲವೂ 160ರೊಳಗೆ ಮುಗಿಯುತ್ತಿದ್ದವು. ಅದೇ ಮಿತಿಯಾಯಿತು. ಮೊದಲ ಮೆಸೇಜು ಹೋದದ್ದು 1992ರ ಡಿಸೆಂಬರ್ 3ರಂದು, ಇಂಗ್ಲೆಂಡಿನಲ್ಲಿ. ಅದೊಂದು ಕ್ರಿಸ್‌ಮಸ್ ಶುಭಾಶಯ. 2010ರಲ್ಲಿ ಪ್ಯೂ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದಾಗ ಅಮೆರಿಕದ 12ರಿಂದ 17ರ ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 75 ಮಂದಿಯ ಬಳಿ ಮೊಬೈಲಿತ್ತು. ಅರ್ಧದಷ್ಟು ಮಕ್ಕಳು ದಿನಕ್ಕೆ 50 ಅಥವಾ ಅದಕ್ಕೂ ಹೆಚ್ಚು ಮೆಸೇಜು ಕಳಿಸುತ್ತಿದ್ದರು. ಮೂವರಲ್ಲಿ ಒಬ್ಬರು ನೂರು ದಾಟುತ್ತಿದ್ದರು. ಊಟದ ಮೇಜಿನ ಕೆಳಗೆ, ಹೊದಿಕೆಯ ಒಳಗೆ, ಕಿಸೆಯೊಳಗೆ ಕೈಯಿಟ್ಟು ನೋಡದೆಯೂ ಟೈಪು ಮಾಡುವ ಬೆರಳುಗಳು. ಮಾತಾಡಲು ಮುಜುಗರಪಡುವ ಮಗು ಬೆರಳಿನಲ್ಲಿ ಧಾರಾಳವಾಗಿ ಮಾತಾಡುತ್ತಿತ್ತು.

ಲೈಬ್ರರಿಯವರು ಇದನ್ನು ಗಮನಿಸಿದರು. ಆಸ್ಟ್ರೇಲಿಯದವರು ಸ್ವಲ್ಪ ಮುಂಚೆಯೇ ಈ ಪ್ರಯೋಗಕ್ಕೆ ಕೈಹಾಕಿದ್ದರು. 2005ರಲ್ಲಿ ಲೂಸಿಯಾನ ರಾಜ್ಯದ ಹ್ಯಾಮಂಡ್ ಊರಿನ ಸೌತ್ ಈಸ್ಟರ್ನ್ ಲೂಸಿಯಾನ ವಿಶ್ವವಿದ್ಯಾಲಯದ ಲೈಬ್ರರಿ ಎಸ್ಸೆಮ್ಮೆಸ್ ಮೂಲಕ ಪ್ರಶ್ನೆ ಸ್ವೀಕರಿಸತೊಡಗಿತು; ಅಮೆರಿಕದಲ್ಲಿ ಈ ದಾರಿ ಹಿಡಿದ ಮೊದಲಿಗರಲ್ಲಿ ಅದೊಂದು. 2009ರ ಜುಲೈನಲ್ಲಿ ಹಲವು ರಾಜ್ಯಗಳ ಲೈಬ್ರರಿಗಳು ಸೇರಿ ‘ಮೈ ಇನ್‌ಫೋ ಕ್ವೆಸ್ಟ್’ ಎಂಬ ಕೂಟ ಕಟ್ಟಿಕೊಂಡು, ಸರದಿಯ ಮೇಲೆ ಉತ್ತರ ಕೊಡುವ ಏರ್ಪಾಡು ಮಾಡಿಕೊಂಡವು. ಮುಂದಿನ ವರ್ಷಗಳಲ್ಲಿ ಊರೂರಿನ ಸಾರ್ವಜನಿಕ ಲೈಬ್ರರಿಗಳ ಬಾಗಿಲಲ್ಲಿ ‘ಗ್ರಂಥಪಾಲಕರಿಗೆ ಮೆಸೇಜು ಮಾಡಿ’ ಎಂಬ ಚೀಟಿಗಳು ಕಾಣಿಸಿಕೊಂಡವು.

ಚೀಟಿ ಅಂಟಿಸಿದ್ದು ಎಲ್ಲಿ? ಬಹಳ ಕಡೆ ಲೈಬ್ರರಿಯ ಒಳಗೋಡೆಯ ಮೇಲೆ! ಒಳಗೆ ಬರಲು ಅಂಜುವವರಿಗಾಗಿ ಮಾಡಿದ ಸೌಕರ್ಯದ ಸುದ್ದಿ ಒಳಗೆ ಬಂದವರಿಗೆ ಮಾತ್ರ ತಿಳಿಯುವಂತಾಯಿತು. ಒಳ್ಳೆಯ ಕೆಲಸಗಳಿಗೆ ಇಂಥ ಗ್ರಹಚಾರ ಹೊಸದೇನಲ್ಲ.

ಈಗ ಹದಿನಾಲ್ಕರ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಬೇಕು. ಅಮೆರಿಕದ ಯಾವುದೋ ಸಣ್ಣ ಊರು, 2010ರ ಒಂದು ಸಂಜೆ. ನಾಳೆ ಬೆಳಗ್ಗೆ ವಿಜ್ಞಾನದ ಬರಹ ಒಪ್ಪಿಸಬೇಕು. ಶಾಲೆಯ ಡೈರಿಯ ಹಿಂಬದಿಯಲ್ಲಿ ಅಂಟಿಸಿದ ಲೈಬ್ರರಿಯ ನಂಬರು ಅವಳ ಕಣ್ಣಿಗೆ ಬಿತ್ತು. ಅವಳು ಕಳಿಸಿದ್ದು ಎರಡೇ ಪದ:

‘ಜ್ವಾಲಾಮುಖಿ ಪುಸ್ತಕ?’

ಅತ್ತ ಕಡೆ ಕುಳಿತವರಿಗೆ ಅವಳ ಹೆಸರು ಗೊತ್ತಿಲ್ಲ, ವಯಸ್ಸು ಗೊತ್ತಿಲ್ಲ, ಮುಖ ಕಾಣುವುದಿಲ್ಲ. ಕಪಾಟಿನಲ್ಲಿ ಜ್ವಾಲಾಮುಖಿಯ ಮೇಲೆ ಹತ್ತಾರು ಪುಸ್ತಕಗಳಿವೆ. ‘ಇವೆ, ಬನ್ನಿ’ ಎಂದುಬಿಟ್ಟರೆ ಕೆಲಸ ಮುಗಿಯಿತು. ಆದರೆ ಪಳಗಿದ ಗ್ರಂಥಪಾಲಕಿ ಹಾಗೆ ಮಾಡುವುದಿಲ್ಲ. ಅವರು ಮರುಪ್ರಶ್ನೆ ಹಾಕುತ್ತಾರೆ: ‘ಇವೆ. ಶಾಲೆಯ ಕೆಲಸಕ್ಕೋ, ಸುಮ್ಮನೆ ಓದಲಿಕ್ಕೋ?’

‘ಶಾಲೆಗೆ.’

‘ಯಾವುದಾದರೂ ಒಂದು ಜ್ವಾಲಾಮುಖಿಯ ಬಗ್ಗೆಯೋ?’

ಎರಡು ನಿಮಿಷ ಏನೂ ಇಲ್ಲ. ಆಮೇಲೆ: ‘ಹವಾಯಿಯದು ಹರಿಯುತ್ತೆ. ಸೇಂಟ್ ಹೆಲೆನ್ಸ್ ಸಿಡಿಯಿತು. ಯಾಕೆ?’

ಅಗೋ, ಪ್ರಶ್ನೆ ಹೊರಬಂತು. ಅವಳಿಗೆ ಬೇಕಾದದ್ದು ಪುಸ್ತಕವೇ ಅಲ್ಲ. ರಾತ್ರಿ ಎಂಟಕ್ಕೆ ಬಾಗಿಲು ಹಾಕುವ ಲೈಬ್ರರಿಗೆ ಅವಳು ಬರುವುದೂ ಇಲ್ಲ. ಉತ್ತರ ಎರಡು ಮೆಸೇಜಿನಲ್ಲಿ ಹಿಡಿಯುತ್ತದೆ. ಹವಾಯಿಯ ಲಾವಾದಲ್ಲಿ ಸಿಲಿಕ ಕಡಿಮೆ, ಅದು ತೆಳು, ಒಳಗಿನ ಅನಿಲ ಸುಲಭವಾಗಿ ಹೊರಟುಹೋಗುತ್ತದೆ. ವಾಷಿಂಗ್ಟನ್ ರಾಜ್ಯದ ಸೇಂಟ್ ಹೆಲೆನ್ಸ್ ಪರ್ವತದ ಶಿಲಾರಸದಲ್ಲಿ ಸಿಲಿಕ ಹೆಚ್ಚು, ಅದು ಗಟ್ಟಿ ಅಂಟು, ಅನಿಲ ಒಳಗೇ ಸಿಕ್ಕಿಕೊಳ್ಳುತ್ತದೆ. ಮೇಲಿನ ಒತ್ತಡ ಒಮ್ಮೆಲೇ ತಗ್ಗಿದರೆ ಸಿಡಿಯುತ್ತದೆ. ಅದು ಸಿಡಿದದ್ದು 1980ರ ಮೇ 18ರಂದು, ಸತ್ತವರು 57 ಮಂದಿ. ಕನ್ನಡದ ಅಡುಗೆಮನೆಯಲ್ಲಿ ಬೆಳೆದ ಮಗುವಿಗಾದರೆ ಇನ್ನೂ ಸುಲಭವಾಗಿ ಹೇಳಬಹುದಿತ್ತು: ಅಂಬಲಿ ಕುದಿದರೆ ಮೆಲ್ಲಗೆ ಉಕ್ಕುತ್ತದೆ, ಮುದ್ದೆಗಿಟ್ಟ ಹಿಟ್ಟು ಕುದಿದರೆ ಗುಳ್ಳೆ ಒಡೆದು ಕೈಗೆ ಸಿಡಿಯುತ್ತದೆ.

ಮೊದಲು ಕೇಳಿದ ಪ್ರಶ್ನೆ ಒಂದು, ಬೇಕಾದದ್ದು ಇನ್ನೊಂದು. ಇದು ಆ ಹುಡುಗಿಯ ದಡ್ಡತನವಲ್ಲ. 1968ರಲ್ಲಿ ರಾಬರ್ಟ್ ಟೇಲರ್ ಎಂಬ ವಿದ್ವಾಂಸರು ಪ್ರಶ್ನೆಯೊಂದು ಹುಟ್ಟಿ ಮೇಜಿನ ತನಕ ಬರುವ ದಾರಿಯನ್ನು ನಾಲ್ಕು ಹಂತಗಳಲ್ಲಿ ಗುರುತಿಸಿದರು. ಮೊದಲನೆಯದು ಹೊಟ್ಟೆಯೊಳಗಿನ ಒಂದು ಕಸಿವಿಸಿ, ಅದಕ್ಕೆ ಮಾತಿಲ್ಲ. ಎರಡನೆಯದು ಮಸುಕಾದ ಯೋಚನೆ. ಮೂರನೆಯದು ನೆಟ್ಟಗಿನ ಪ್ರಶ್ನೆ. ನಾಲ್ಕನೆಯದು, ಎದುರಿನವರು ಏನು ಕೊಡಬಲ್ಲರೆಂದು ಊಹಿಸಿ, ಅದಕ್ಕೆ ತಕ್ಕಂತೆ ಕತ್ತರಿಸಿ ಕೇಳುವ ಪ್ರಶ್ನೆ. ಲೈಬ್ರರಿಯಲ್ಲಿರುವುದು ಪುಸ್ತಕ, ಆದ್ದರಿಂದ ಪುಸ್ತಕ ಕೇಳಬೇಕು. ಹುಡುಗಿ ಮಾಡಿದ್ದು ಅದನ್ನೇ. ಆ ನಾಲ್ಕನೆಯದರಿಂದ ಹಿಂದಕ್ಕೆ ನಡೆಸಿಕೊಂಡು ಹೋಗಿ ಮೂರನೆಯದನ್ನು, ಸಾಧ್ಯವಾದರೆ ಎರಡನೆಯದನ್ನು ಮುಟ್ಟುವುದೇ ಗ್ರಂಥಪಾಲಕರ ವಿದ್ಯೆ. ಮನೆಗಳಲ್ಲಿ ಅಜ್ಜಿಯರಿಗೆ ಈ ವಿದ್ಯೆ ತಾನಾಗಿಯೇ ಬಂದಿರುತ್ತದೆ. ‘ಹೊಟ್ಟೆನೋವು’ ಎಂದ ಮೊಮ್ಮಗನನ್ನು ನಾಲ್ಕು ಮಾತು ಕೇಳಿ, ಗಣಿತದ ಕಿರುಪರೀಕ್ಷೆ ಯಾವತ್ತು ಎಂದು ತಿಳಿದುಕೊಳ್ಳುವವರು ಅವರು.

ಎದುರಿಗಿದ್ದಾಗ ಈ ಕೆಲಸಕ್ಕೆ ಕಣ್ಣು ನೆರವಾಗುತ್ತದೆ. ಹುಬ್ಬು ಗಂಟಿಕ್ಕಿದ್ದು, ‘ಹೂಂ’ ಎಂದರೂ ಕಾಲು ಕದಲದೆ ನಿಂತಿದ್ದು, ಕೈಯಲ್ಲಿ ಮಡಚಿದ ಕಾಗದ ಹಿಡಿದಿದ್ದು, ಎಲ್ಲವೂ ಏನೋ ಹೇಳುತ್ತವೆ. ಮೆಸೇಜಿನಲ್ಲಿ ಅದಿಲ್ಲ. ಉತ್ತರ ಕಳಿಸಿದ ಮೇಲೆ ಅತ್ತ ಕಡೆಯಿಂದ ಸದ್ದಿಲ್ಲದಿದ್ದರೆ ಗ್ರಂಥಪಾಲಕಿ ಏನೆಂದು ತಿಳಿಯಬೇಕು? ಮಗುವಿಗೆ ಸಾಕಾಯಿತೆ? ಅರ್ಥವಾಗಲಿಲ್ಲವೆ? ಬೇಸರವಾಯಿತೆ? ಅಮ್ಮ ಫೋನು ಕಸಿದುಕೊಂಡರೆ? ಎದುರು ನಿಂತವನು ಹೊರಟುಹೋದರೆ ಬೆನ್ನಾದರೂ ಕಾಣುತ್ತದೆ. ಇಲ್ಲಿ ಅದೂ ಇಲ್ಲ.

ಮರುಪ್ರಶ್ನೆಗೆ ಖರ್ಚೂ ಇತ್ತು. ಭಾರತದಲ್ಲಿ ಬಂದ ಮೆಸೇಜಿಗೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ಅಮೆರಿಕದಲ್ಲಿ ಹಾಗಲ್ಲ, ಕಳಿಸಿದ್ದಕ್ಕೂ ಬಂದದ್ದಕ್ಕೂ ಲೆಕ್ಕ. 2008ರ ಹೊತ್ತಿಗೆ ತಿಂಗಳ ಪ್ಲಾನು ಇಲ್ಲದವರಿಗೆ ದೊಡ್ಡ ಕಂಪನಿಗಳು ಮೆಸೇಜಿಗೆ 20 ಸೆಂಟಿನಂತೆ ಹಾಕುತ್ತಿದ್ದವು. ಉದಾರಿ ಗ್ರಂಥಪಾಲಕರು ಉತ್ತರವನ್ನು ಮೂರು ಕಂತಿನಲ್ಲಿ ಕಳಿಸಿದರೆ ಬಡ ಮನೆಯ ಹುಡುಗನಿಗೆ 60 ಸೆಂಟು ಬಿತ್ತು. ಆದ್ದರಿಂದ ಹೆಚ್ಚು ಕೇಳಬಾರದು, ಕೇಳದೆಯೂ ಇರಬಾರದು. ‘ಮಾನ್ಯ ಓದುಗರೆ’ ಎಂದು ಶುರುಮಾಡಿ ಪತ್ರ ಬರೆದು ರೂಢಿಯಾದವರು ಮಕ್ಕಳ ಮೊಟಕು ಬರವಣಿಗೆಯನ್ನು ಓದಲು ಕಲಿಯಬೇಕಾಯಿತು; ತಾವೂ ಹಾಗೆಯೇ ಬರೆಯಬೇಕೆ, ಗೌರವದ ಭಾಷೆ ಬಿಡಬೇಕೆ ಎಂಬ ಚರ್ಚೆ ಬೇರೆ. ಬಿಡಬೇಕಾಗಿರಲಿಲ್ಲ ಎಂದೇ ಹೇಳಬೇಕು. ತಮ್ಮ ಭಾಷೆಯನ್ನು ಅನುಕರಿಸುವ ದೊಡ್ಡವರನ್ನು ಕಂಡರೆ ಹದಿಹರೆಯದವರಿಗೆ ನಗು ಬರುತ್ತದೆ.

ಆ ಕಾಲದಲ್ಲಿ ಲೈಬ್ರರಿಗೆ ಎದುರಾಳಿಗಳೂ ಇದ್ದರು. 2004ರಲ್ಲಿ ಗೂಗಲ್ ಕಂಪನಿ ಮೆಸೇಜಿನಲ್ಲಿ ಹುಡುಕಿಕೊಡುವ ಸೇವೆ ತೆರೆಯಿತು; 2013ರ ಮೇ ತಿಂಗಳಲ್ಲಿ ಮುಚ್ಚಿತು. ಮಕ್ಕಳಿಗೆ ಅದಕ್ಕಿಂತ ಪ್ರಿಯವಾದದ್ದು ‘ಚಾಚಾ’. ಇದು ಹಿಂದಿಯ ಚಿಕ್ಕಪ್ಪನಲ್ಲ. ಚೀನೀ ಭಾಷೆಯಲ್ಲಿ ‘ಚಾ’ ಎಂದರೆ ಹುಡುಕು. 242242 ಎಂಬ ಸಂಖ್ಯೆಗೆ 2008ರಿಂದ ಯಾವ ಪ್ರಶ್ನೆ ಕಳಿಸಿದರೂ ಮನೆಯಲ್ಲಿ ಕುಳಿತ ಯಾರೋ ಒಬ್ಬರು ಹುಡುಕಿ ಉತ್ತರಿಸುತ್ತಿದ್ದರು, ಅವರಿಗೆ ಒಂದು ಉತ್ತರಕ್ಕೆ 10ರಿಂದ 20 ಸೆಂಟು ಕೂಲಿ. ಆ ಕೂಲಿಗೆ ಮರುಪ್ರಶ್ನೆ ಹಾಕುತ್ತ ಕುಳಿತರೆ ಹೊಟ್ಟೆ ತುಂಬೀತೆ? ‘ವಾಷಿಂಗ್ಟನ್ ಎಷ್ಟು ದೊಡ್ಡದು?’ ಎಂದು ಒಬ್ಬ ಹುಡುಗ ಕೇಳಿದ ಎನ್ನಿ. ರಾಜಧಾನಿ ವಾಷಿಂಗ್ಟನ್ ಸುಮಾರು 177 ಚದರ ಕಿಲೋಮೀಟರು. ದೇಶದ ಇನ್ನೊಂದು ತುದಿಯಲ್ಲಿರುವ ವಾಷಿಂಗ್ಟನ್ ರಾಜ್ಯ 1,84,000ಕ್ಕೂ ಹೆಚ್ಚು. ಎರಡರಲ್ಲೊಂದನ್ನು ಆರಿಸಿ ಕಳಿಸುವವರು ಬೇಗ ಕಳಿಸುತ್ತಾರೆ. ‘ಯಾವ ವಾಷಿಂಗ್ಟನ್?’ ಎಂದು ಕೇಳುವವರು ತಡಮಾಡುತ್ತಾರೆ. ಹುಡುಗನಿಗೆ ಬೇಗ ಕಳಿಸಿದವರೇ ಮೆಚ್ಚುಗೆ, ಬರೆದದ್ದು ತಪ್ಪೆಂದು ಮಾರನೆಯ ದಿನ ತಿಳಿಯುವವರೆಗೆ. ಚಾಚಾ 2016ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು.

ಬೆಂಗಳೂರಿನ ಓದುಗರಿಗೆ ಇಲ್ಲಿ ಎಸ್. ಆರ್. ರಂಗನಾಥನ್ ನೆನಪಾಗಬೇಕು. ಮದರಾಸು ವಿಶ್ವವಿದ್ಯಾಲಯದ ಲೈಬ್ರರಿಯನ್ನು ಕಟ್ಟಿ, 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳನ್ನು ಪ್ರಕಟಿಸಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲೇ ತೀರಿಕೊಂಡವರು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ಕೇಂದ್ರದಿಂದ ತಲೆಮಾರುಗಳ ಗ್ರಂಥಪಾಲಕರು ಹೊರಬಂದಿದ್ದಾರೆ. ಓದುಗನ ಸಮಯ ಉಳಿಸು ಎಂಬುದು ಅವರ ನಾಲ್ಕನೆಯ ಸೂತ್ರ. ಆದರೆ ಪ್ರಶ್ನೆಗಳಲ್ಲಿ ಎರಡು ಬಗೆಯಿವೆ ಎಂದೂ ಅವರೇ ಹೇಳಿದರು: ನಿಂತಲ್ಲೇ ಉತ್ತರಿಸಬಹುದಾದವು, ಬಹುಕಾಲ ಜೊತೆಗೆ ಕುಳಿತು ಹುಡುಕಬೇಕಾದವು. ಮೆಸೇಜು ಮೊದಲನೆಯದಕ್ಕೆ ಹೇಳಿ ಮಾಡಿಸಿದ್ದು. ಎರಡನೆಯದಕ್ಕೆ ಅದು ಬರೀ ಬಾಗಿಲು ತಟ್ಟುವ ಸದ್ದು.

ಮಕ್ಕಳು ಎಷ್ಟು ಹೊತ್ತಿಗೆ ಬಾಗಿಲು ತಟ್ಟುತ್ತಾರೆಂಬುದು ಇನ್ನೊಂದು ತಕರಾರು. ಲೈಬ್ರರಿ ಮುಚ್ಚುವುದು ರಾತ್ರಿ ಎಂಟಕ್ಕೆ. ನಾಳೆಯ ಬರಹದ ಚಿಂತೆ ಶುರುವಾಗುವುದು ಹತ್ತಕ್ಕೆ. ಹಗಲಿನಲ್ಲಿ ಕೇಳೋಣವೆಂದರೆ ಶಾಲೆಯಲ್ಲಿ ಫೋನು ನಿಷಿದ್ಧ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಲ್ಲಿ 2015ರ ಮಾರ್ಚ್‌ವರೆಗೆ ಕಟ್ಟುನಿಟ್ಟಿನ ನಿಷೇಧವಿತ್ತು. ಶಾಲೆಯ ಬೀದಿಯಲ್ಲೇ ವ್ಯಾನುಗಳು ನಿಂತಿರುತ್ತಿದ್ದವು. ದಿನಕ್ಕೆ ಒಂದು ಡಾಲರು ಕೊಟ್ಟು ಮಕ್ಕಳು ಅಲ್ಲಿ ಫೋನು ಇಟ್ಟು ಒಳಗೆ ಹೋಗುತ್ತಿದ್ದರು, ದೇವಸ್ಥಾನದ ಮುಂದೆ ಚಪ್ಪಲಿ ಬಿಟ್ಟಂತೆ. ನಡುವೆ ಕೆಲವು ವರ್ಷ ಸಡಿಲವಾಗಿ, 2025ರ ಸೆಪ್ಟೆಂಬರಿನಿಂದ ಇಡೀ ನ್ಯೂಯಾರ್ಕ್ ರಾಜ್ಯದ ಶಾಲೆಗಳಲ್ಲಿ ಮತ್ತೆ ನಿಷೇಧ ಬಂದಿದೆ. ಮಕ್ಕಳ ಗಮನ ಚದುರುತ್ತದೆ ಎಂಬ ತಂದೆತಾಯಿಯರ ಆತಂಕ ಸುಳ್ಳಲ್ಲ. ಒಂದೇ ಸಾಮಾನನ್ನು ಶಾಲೆ ಬಾಗಿಲಲ್ಲಿ ಕಸಿದುಕೊಳ್ಳುತ್ತಿತ್ತು, ಲೈಬ್ರರಿ ಅದನ್ನೇ ಹಿಡಿದು ಮಕ್ಕಳನ್ನು ಒಳಗೆ ಕರೆಯುತ್ತಿತ್ತು.

ಕರ್ನಾಟಕದಲ್ಲೂ ಮೆಸೇಜು ಮನೆಮನೆಗೆ ಬಂತು. ಆದರೆ ಬಂದದ್ದು ಹೆಚ್ಚಾಗಿ ಒಂದೇ ದಿಕ್ಕಿನಲ್ಲಿ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತು, ಬ್ಯಾಂಕಿನ ಲೆಕ್ಕ ಬಂತು, ಮಾರಾಟದ ಗದ್ದಲ ಬಂತು. ಗದ್ದಲ ಎಷ್ಟಾಯಿತೆಂದರೆ 2011ರ ಸೆಪ್ಟೆಂಬರಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ಒಂದು ಸಿಮ್ಮಿನಿಂದ ದಿನಕ್ಕೆ ನೂರೇ ಮೆಸೇಜು ಎಂದು ಮಿತಿ ಹಾಕಬೇಕಾಯಿತು. ಕಾಲೇಜು ಹುಡುಗರು ಗೊಣಗಿದ ಗೊಣಗಾಟ ಆಗಿನವರಿಗೆ ನೆನಪಿದ್ದೀತು. ಪ್ರಶ್ನೆ ಕೇಳುವ ನಂಬರು ಬಂದದ್ದು ರೈತರಿಗೆ. 2004ರ ಜನವರಿಯಲ್ಲಿ ಆರಂಭವಾದ ಕಿಸಾನ್ ಕಾಲ್ ಸೆಂಟರಿಗೆ ಫೋನು ಮಾಡಿ ಕನ್ನಡದಲ್ಲೇ ಬೆಳೆಯ ರೋಗ ಹೇಳಿಕೊಳ್ಳಬಹುದು. ರೈತನ ಮಗಳಿಗೆ ಪಾಠದ ಸಂಶಯ ಹೇಳಿಕೊಳ್ಳಲು ಅಂಥದೊಂದು ನಂಬರು ಮನೆಮಾತಾಗಲಿಲ್ಲ. ಮೇಲಾಗಿ 160 ಅಕ್ಷರದ ಲೆಕ್ಕ ಇಂಗ್ಲಿಷಿಗೆ ಮಾತ್ರ. ಕನ್ನಡ ಲಿಪಿಯಲ್ಲಿ ಬರೆದರೆ ಒಂದು ಮೆಸೇಜಿಗೆ ಸಿಗುವುದು 70 ಸಂಕೇತ. ಒತ್ತಕ್ಷರ, ಗುಣಿತ ಎಲ್ಲಕ್ಕೂ ಬೇರೆಬೇರೆ ಲೆಕ್ಕ. ‘ಕ್ಷ’ ಎಂಬ ಒಂದೇ ಅಕ್ಷರಕ್ಕೆ ಮೂರು ಖರ್ಚಾಗುತ್ತದೆ. ‘ಪರೀಕ್ಷೆ’ ಎಂದು ಬರೆಯುವಷ್ಟರಲ್ಲೇ ಹತ್ತರಲ್ಲೊಂದು ಭಾಗ ಮುಗಿದಿರುತ್ತದೆ. ಕನ್ನಡದ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದನ್ನು ರೂಢಿಮಾಡಿಕೊಂಡದ್ದು ಬರೀ ಶೋಕಿಯಿಂದಲ್ಲ.

ಮುಖ ಕಾಣದಿರುವುದರ ಬೆಲೆ ಹಳ್ಳಿಗಳಲ್ಲಿ ಇನ್ನೂ ಹೆಚ್ಚು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮದಡಿ ಗ್ರಾಮ ಪಂಚಾಯ್ತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಎಷ್ಟೋ ಊರುಗಳಲ್ಲಿ ಮಕ್ಕಳು ಸಂಜೆ ಅಲ್ಲಿ ನೆಲದ ಮೇಲೆ ಕುಳಿತು ಓದುವುದನ್ನು ನೋಡಿದರೆ ಸಂತೋಷವಾಗುತ್ತದೆ. ಆದರೆ ಅಲ್ಲಿನ ಮೇಲ್ವಿಚಾರಕರು ಹೆಚ್ಚಾಗಿ ಅದೇ ಊರಿನವರು ಅಥವಾ ಪಕ್ಕದವರು. ಮಗುವಿನ ಅಪ್ಪನ ಹೆಸರು, ಓಣಿ, ಹೋದ ಪರೀಕ್ಷೆಯ ಅಂಕ ಎಲ್ಲವೂ ಗೊತ್ತಿರುತ್ತದೆ. ‘ಸರ್, ಈ ಪುಸ್ತಕ ಇದೆಯಾ?’ ಎಂದು ಹನ್ನೆರಡರ ಹುಡುಗ ಕೇಳಬಲ್ಲ. ಮೈನೆರೆದ ಹುಡುಗಿ ತನ್ನ ದೇಹದ ಬಗ್ಗೆ ಇರುವ ಪುಸ್ತಕವನ್ನು ಯಾರ ಬಳಿ ಕೇಳಬೇಕು? ಸಂಜೆಯೊಳಗೆ ಸುದ್ದಿ ಮನೆಗೆ ಮುಟ್ಟಿರುತ್ತದೆ, ಕೆಟ್ಟ ಬುದ್ಧಿಯಿಂದಲ್ಲ, ಕಾಳಜಿಯಿಂದಲೇ. ಅಮೆರಿಕದ ಗ್ರಂಥಾಲಯ ಸಂಘ 1939ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯಲ್ಲೇ ಓದುಗರ ಖಾಸಗಿ ವಿಷಯ ಗುಟ್ಟಾಗಿರಬೇಕು ಎಂಬ ಮಾತಿದೆ. ಮೆಸೇಜಿನ ಸೇವೆ ಆ ಮಾತಿಗೆ ಸರಿಹೊಂದಿತು. ಕೇಳುವವಳ ಹೆಸರೇ ಬೇಕಿಲ್ಲ.

ಹೆಸರು ಬೇಡವೆಂದಾಗ ಮಕ್ಕಳು ಏನೇನು ಹೇಳಿಕೊಂಡಾರು ಎಂಬುದಕ್ಕೆ ಲೈಬ್ರರಿಯ ಹೊರಗಿನ ಒಂದು ನಿದರ್ಶನವಿದೆ. ‘ಡು ಸಮ್‌ಥಿಂಗ್’ ಎಂಬ ಅಮೆರಿಕದ ಸಂಸ್ಥೆ ಹದಿಹರೆಯದವರಿಗೆ ಸಮಾಜಸೇವೆಯ ಕರೆಗಳನ್ನು ಮೆಸೇಜಿನಲ್ಲಿ ಕಳಿಸುತ್ತಿತ್ತು. ಅದಕ್ಕೆ ಬಂದ ಮರುಮೆಸೇಜುಗಳಲ್ಲಿ ಕೆಲವಕ್ಕೆ ಸಮಾಜಸೇವೆಯ ಸಂಬಂಧವೇ ಇರಲಿಲ್ಲ. ಶಾಲೆಯಲ್ಲಿ ಪೀಡಿಸುತ್ತಾರೆ ಎಂದು ಒಬ್ಬರು. ಮನೆಯಲ್ಲೇ, ತಂದೆಯಿಂದಲೇ ತನ್ನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂದು ಒಬ್ಬ ಹುಡುಗಿ. ಎದುರಿಗೆ ಯಾರಿಗೂ ಹೇಳಲಾರದ್ದನ್ನು ಅವಳು ಗುರುತಿಲ್ಲದ ಒಂದು ನಂಬರಿಗೆ ಹೇಳಿದ್ದಳು. 2013ರಲ್ಲಿ ಆರಂಭವಾದ ‘ಕ್ರೈಸಿಸ್ ಟೆಕ್ಸ್ಟ್ ಲೈನ್’ ಎಂಬ ನೆರವಿನ ಸೇವೆ ಹುಟ್ಟಿದ್ದು ಆ ಮೆಸೇಜಿನಿಂದ. ಈ ದೇಶದಲ್ಲಿ ಮಕ್ಕಳಿಗಾಗಿ 1098 ಇದೆ. ಮನಸ್ಸಿನ ಸಂಕಟ ಹೇಳಿಕೊಳ್ಳಲು 2022ರ ಅಕ್ಟೋಬರಿನಿಂದ ಟೆಲಿ ಮಾನಸ್‌ನ 14416 ಇದೆ, ಅದರ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಎರಡೂ ನಂಬರು ಮಕ್ಕಳ ಪುಸ್ತಕದ ಹೊದಿಕೆಯ ಒಳಗಡೆ ಬರೆದಿದ್ದರೆ ನಷ್ಟವೇನಿಲ್ಲ.

2022ರ ನವೆಂಬರಿನಲ್ಲಿ ಚಾಟ್ ಜಿಪಿಟಿ ಬಂದ ಮೇಲೆ ಮಕ್ಕಳಿಗೆ ನಾಚಿಕೆಯ ಪ್ರಶ್ನೆಯೇ ಉಳಿಯಲಿಲ್ಲ. ಯಂತ್ರದ ಮುಂದೆ ಯಾರು ನಾಚುತ್ತಾರೆ? ರಾತ್ರಿ ಹನ್ನೆರಡಕ್ಕೂ ಎಚ್ಚರ, ಹುಬ್ಬೇರಿಸುವುದಿಲ್ಲ, ಅಪ್ಪನಿಗೆ ಹೇಳುವುದಿಲ್ಲ. ಜ್ವಾಲಾಮುಖಿ ಎಂದರೆ ಸಾಕು, ಪುಟಗಟ್ಟಲೆ ಸುರಿಯುತ್ತದೆ. ಮೆಲನ್ ಕಂಡ ಆ ಹೆದರಿಕೆ ಕಳೆದುಹೋದದ್ದು ಸಣ್ಣ ಸಂಗತಿಯಲ್ಲ, ಅದನ್ನು ಗೇಲಿ ಮಾಡಬಾರದು. ಯಂತ್ರಕ್ಕೂ ಮರುಪ್ರಶ್ನೆ ಹಾಕುವುದು ಗೊತ್ತು. ಆದರೆ ಹೆಚ್ಚಿನ ಸಲ ಅದಕ್ಕೆ ಉತ್ತರದ ಅವಸರ. ‘ಶಾಲೆಗೋ, ಸುಮ್ಮನೆಯೋ?’ ಎಂದು ಕೇಳಿ ಎರಡು ನಿಮಿಷ ಕಾಯುವ ತಾಳ್ಮೆಯ ಜಾಗ ಬರಿದಾಗಿದೆ. ಹುಡುಗಿ ಎರಡು ಪದದಿಂದ ಹೊರಟು ತನ್ನ ‘ಯಾಕೆ?’ಯನ್ನು ತಾನೇ ಕಂಡುಕೊಂಡದ್ದು ಆ ಎರಡು ನಿಮಿಷದಲ್ಲಿ. ಸಂಜೆ ಮನೆಗೆ ಬಂದ ಮಗುವಿನ ಪ್ರಶ್ನೆಗೆ ತಟ್ಟನೆ ಉತ್ತರ ಹೇಳಿ ಟಿವಿ ಕಡೆ ತಿರುಗುವ ತಂದೆತಾಯಿಯರೂ ಯಂತ್ರದಷ್ಟೇ ಚುರುಕು ಎನ್ನಬೇಕು.

ಜ್ವಾಲಾಮುಖಿಯ ಹುಡುಗಿಗೆ ಉತ್ತರ ಮುಟ್ಟಿದೆ. ‘ಥ್ಯಾಂಕ್ಸ್’ ಎಂದು ಬಂತು. ಎಂಟಕ್ಕೆ ಇನ್ನು ಹತ್ತು ನಿಮಿಷ. ಗ್ರಂಥಪಾಲಕಿ ಕಿಟಕಿಗಳ ಚಿಲಕ ಹಾಕಿ ಬಂದು ಕಂಪ್ಯೂಟರಿನ ಮುಂದೆ ಮತ್ತೆ ಕೂರುತ್ತಾರೆ, ಕೂರಬೇಕಾದ ಕಾರಣವಿಲ್ಲದಿದ್ದರೂ. ವೈದ್ಯರಿಗೆ, ಮೇಷ್ಟರಿಗೆ, ಈ ಕೆಲಸದಲ್ಲಿ ಬಹಳ ದಿನ ಇದ್ದವರಿಗೆಲ್ಲ ಗೊತ್ತಿರುವ ಒಂದು ವಿಷಯವಿದೆ: ಎದ್ದು ಹೊರಟವರು ಬಾಗಿಲ ಹತ್ತಿರ ಒಮ್ಮೆ ನಿಲ್ಲುತ್ತಾರೆ.

ಏಳು ಐವತ್ತಾರಕ್ಕೆ ಪರದೆಯ ಮೇಲೆ ಒಂದು ಸಾಲು ಮೂಡುತ್ತದೆ.

‘ಇನ್ನೊಂದು ಕೇಳಬಹುದಾ? ಇದು ಶಾಲೆಗಲ್ಲ.’